ಮಹಡಿಯ ಮೇಲಿನ ನ್ಯೂಜಿಲೆಂಡ್

ಹಿಂದಿನ ಸಾಲಿನಲ್ಲಿ ಚಪ್ಪಲಿ ಹುಡುಕುವ ಸದ್ದು ಕೇಳಿಸಿತು. ಇರಲಿ, ಯಾರೆಂದು ನಾನು ಕತ್ತು ಎತ್ತಿ ನೋಡುವುದಿಲ್ಲ. ಇವತ್ತು ಪ್ರಸಾದಕ್ಕೆ ಹೋಳಿಗೆ ಇದೆ ಎಂಬ ಸುದ್ದಿ ನನಗಿಂತ ಮೊದಲು ನಿಮಗೆ ಮುಟ್ಟಿದೆ. ನನ್ನ ಪ್ರವಚನ ಮುಗಿದು ಮಂಗಳಾರತಿಯಾಗಲು ಇನ್ನೂ ಹೊತ್ತಿದೆ, ಆದರೆ ಮೊದಲ ಪಂಕ್ತಿಗೆ ಹೊತ್ತಾಗಿದೆ, ಅಲ್ಲವೇ? ಶ್ರಾವಣ ಶುರುವಾದಂದಿನಿಂದ ನೋಡುತ್ತಿದ್ದೇನೆ. ನಿಮ್ಮ ಕಣ್ಣು ನನ್ನ ಕಡೆ ಇರುತ್ತದೆ, ಮೂಗು ದಾಸೋಹದ ಕಡೆ ಇರುತ್ತದೆ. ನನಗೆ ಕೋಪವಿಲ್ಲ. ಕೋಪ ಇದ್ದಿದ್ದರೆ ಸುಮ್ಮನೆ ಬೈದು ಮುಗಿಸುತ್ತಿದ್ದೆ. ಕೋಪವಿಲ್ಲದ್ದರಿಂದ ಒಂದು ದೃಷ್ಟಾಂತ ಹೇಳುತ್ತೇನೆ, ಕೂತು ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ಅಲ್ಲಿ ನಿಮ್ಮ ಬೀಗರು ಇರುತ್ತಾರೆ. ದೇವರು ಅವನಿಗೆ ಎಲ್ಲವನ್ನೂ ಕೊಟ್ಟಿದ್ದ. ಎಣ್ಣೆ ಗಿರಣಿ, ಮಹಡಿ ಮನೆ, ಬಾಗಿಲಿಗೊಬ್ಬ ಕಾವಲುಗಾರ. ಕೊಡದೆ ತನ್ನ ಹತ್ತಿರವೇ ಇಟ್ಟುಕೊಂಡದ್ದು ಒಂದೇ, ತಾಳ್ಮೆ. ಆ ಮನುಷ್ಯನಿಗೆ ಎಲ್ಲವೂ ಎಲ್ಲರಿಗಿಂತ ಮೊದಲು ಬೇಕು. ಮಾವು ಹಣ್ಣಾಗುವ ಮೊದಲು ಬೇಕು. ಯುಗಾದಿಯ ಪಂಚಾಂಗ ದೀಪಾವಳಿಗೇ ಬೇಕು. ಮದುವೆಗೆ ಹೋದರೆ ವಧು ಮಂಟಪಕ್ಕೆ ಬರುವ ಮೊದಲೇ ಖಾಲಿ ಮಣೆಗೆ ಅಕ್ಕಿಕಾಳು ಹಾಕಿ ಊಟಕ್ಕೆ ಕೂರುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾವು ನಗುತ್ತೇವೆ. ಇವನು ಕುಲಾವಿ ಹೊಲಿಸಿ, ಅದು ಹಳೆಯದಾಯಿತು ಎಂದು ಇನ್ನೊಂದನ್ನು ಹೊಲಿಸುವ ಮನುಷ್ಯ.

ಈ ಶ್ರೀಮಂತನ ಮನೆಗೆ ಒಂದು ಆಟದ ಪೆಟ್ಟಿಗೆ ಬಂತು. ಗೇಮ್ ಕನ್ಸೋಲ್ ಅನ್ನುತ್ತಾರೆ. ತಾಯಂದಿರೇ, ನನಗೂ ಗೊತ್ತಿರಲಿಲ್ಲ, ಒಬ್ಬ ಭಕ್ತರ ಮನೆಗೆ ಪಾದಪೂಜೆಗೆ ಹೋದಾಗ ನೋಡಿದೆ. ಅದನ್ನು ಟಿವಿಗೆ ಜೋಡಿಸುತ್ತಾರೆ. ಕೈಯಲ್ಲಿ ಹಿಡಿಯಲು ಗುಂಡಿಗಳಿರುವ ಎರಡು ಕಂಟ್ರೋಲರ್ ಕೊಟ್ಟಿರುತ್ತಾರೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಟಿವಿಯೊಳಗಿನವನು ಓಡುತ್ತಾನೆ, ಹಾರುತ್ತಾನೆ. ಆ ಭಕ್ತರು ನನ್ನ ಪಾದ ತೊಳೆಯುವಾಗ ಅವರ ಕಣ್ಣು ಟಿವಿಯ ಮೇಲಿತ್ತು. ಒಂದೇ ಪಾದವನ್ನು ಎರಡು ಸಲ ತೊಳೆದರು. ಇನ್ನೊಂದು ಪಾದ ಹಾಗೇ ಮಠಕ್ಕೆ ಬಂತು.

ಇರಲಿ. ನಮ್ಮ ಶ್ರೀಮಂತ ಆ ಪೆಟ್ಟಿಗೆಯನ್ನು ತಂದದ್ದು ಆಡುವುದಕ್ಕಲ್ಲ. ಓಣಿಯಲ್ಲಿ ಮೊದಲು ತನ್ನ ಮನೆಗೇ ಬರಬೇಕು ಎಂದು ತಂದ. ಬಂತು. ಓಣಿಯವರು ಬಂದು ನೋಡಿ, ಚಹಾ ಕುಡಿದು ಹೋದರು. ಪೆಟ್ಟಿಗೆಯ ಮೇಲೆ ಧೂಳು ಕೂತಿತು.

ಈಗ ಆ ಮನೆಯ ಒಂದು ಸಂಗತಿ ಹೇಳಬೇಕು. ಅಲ್ಲಿ ಗಂಡ ಹೆಂಡತಿಯ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಜಗಳವಾಡಿ ನಿಂತದ್ದಲ್ಲ, ತಾನಾಗಿ ನಿಂತದ್ದು. ಊಟ ಎಂದು ಅವಳು ಕೇಳಬೇಕು, ಹೂಂ ಎಂದು ಅವನು ಅನ್ನಬೇಕು. ಹಾಲು ಎಂದು ಅವಳು ಕೇಳಬೇಕು, ಬೇಡ ಎಂದು ಅವನು ಅನ್ನಬೇಕು. ಅಷ್ಟರಲ್ಲಿ ಒಂದು ದಿನ ಮುಗಿಯುತ್ತಿತ್ತು. ನಗಬೇಡಿ. ನಿಮ್ಮ ಮನೆಯಲ್ಲಿ ಇದಕ್ಕಿಂತ ಎರಡು ಮಾತು ಹೆಚ್ಚಿರಬಹುದು, ಅದರಲ್ಲಿ ಒಂದು 'ರಿಮೋಟ್ ಎಲ್ಲಿ' ಎಂಬುದು.

ಒಂದು ಸಂಜೆ ಶ್ರೀಮಂತ ಬೇಸರಕ್ಕೆ ಪೆಟ್ಟಿಗೆ ಹಚ್ಚಿ ಕೂತಿದ್ದ. ಟಿವಿಯಲ್ಲಿ ಒಂದು ದೋಣಿ. ಎಡಗಡೆಯ ಹುಟ್ಟು ಒಬ್ಬರು ಹಾಕಬೇಕು, ಬಲಗಡೆಯದು ಇನ್ನೊಬ್ಬರು ಹಾಕಬೇಕು. ಇಬ್ಬರೂ ಕೂಡಿ ಹಾಕಿದರೆ ದೋಣಿ ಮುಂದೆ ಹೋಗುತ್ತದೆ, ಒಬ್ಬರೇ ಹಾಕಿದರೆ ಇದ್ದಲ್ಲಿಯೇ ಗಿರಗಿರ ತಿರುಗುತ್ತದೆ. ಇವನ ದೋಣಿ ತಿರುಗುತ್ತಿತ್ತು. ದೇವರಿಗೆ ದೀಪ ಹಚ್ಚಿ ರೊಟ್ಟಿಯ ಹಿಟ್ಟು ನಾದುತ್ತಿದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನೋಡಿ ನೋಡಿ ಅವಳಿಗೇ ತಲೆ ತಿರುಗಿತು. ಹಿಟ್ಟಿನ ಕೈಯಲ್ಲೇ ಬಂದು ಎರಡನೇ ಕಂಟ್ರೋಲರ್ ಎತ್ತಿಕೊಂಡು ಕೂತಳು. "ಎಳೀರಿ ಆ ಕಡೆ. ಏನು, ಗಿರಣಿ ಗಾದಿ ಮ್ಯಾಲೆ ಕುಂತೀರೇನು?" ಎಂದಳು.

ನೋಡಿ, ಎಷ್ಟೋ ವರ್ಷಗಳ ನಂತರ ಆ ಮನೆಯಲ್ಲಿ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಅವನೂ ಬಿಡಲಿಲ್ಲ, ಕಂಟ್ರೋಲರಿಗೆ ಹಿಟ್ಟು ಹತ್ತಿತು ಎಂದು ಬೈದ. ಅವಳು ತಿರುಗಿ ಬೈದಳು. ದೋಣಿ ಮುಂದೆ ಹೋಯಿತು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ದೋಣಿ ಹತ್ತುವುದು ರೂಢಿಯಾಯಿತು. ನದಿಯ ಒಂದು ತಿರುವಿನಲ್ಲಿ ಜಲಪಾತವಿತ್ತು. ಅಲ್ಲಿಯವರೆಗೆ ಹೋಗಿ ದಿನಾ ಮುಳುಗುತ್ತಿದ್ದರು. ಮುಳುಗಿದ ಮೇಲೆ ತಪ್ಪು ಯಾರದು ಎಂಬ ಚರ್ಚೆ ರೊಟ್ಟಿ ಬಡಿಯುವಾಗ ಶುರುವಾಗಿ, ಉಂಡು ಕೈ ತೊಳೆಯುವಾಗಲೂ ಮುಗಿಯುತ್ತಿರಲಿಲ್ಲ. ಗಂಡ ಹೆಂಡತಿಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದು ಹೇಳಿ.

ಭಾಗ್ಯ ಬಂದಾಗ ಸುಮ್ಮನೆ ಕೂರಬೇಕು. ಇವನಿಗೆ ಆಗಲಿಲ್ಲ.

ಒಂದು ದಿನ ಟಿವಿಯ ಮೂಲೆಯಲ್ಲಿ ಒಂದು ಸಾಲು ಮೂಡಿತು. ಪೆಟ್ಟಿಗೆಗೆ ಹೊಸ ಅಪ್‌ಡೇಟ್ ಶೀಘ್ರದಲ್ಲೇ ಬರಲಿದೆ, ಅಷ್ಟೇ. ಅಪ್‌ಡೇಟ್ ಎಂದರೇನು? ಪೆಟ್ಟಿಗೆಯೊಳಗಿನ ಹಳೆಯ ಬುದ್ಧಿ ತೆಗೆದು ಹೊಸ ಬುದ್ಧಿ ಹಾಕುವುದು. ಮನುಷ್ಯರಿಗೂ ಆ ಸೌಕರ್ಯ ಇದ್ದಿದ್ದರೆ ನಾನು ಈ ಗದ್ದುಗೆಯ ಮೇಲೆ ಕೂತು ಗಂಟಲು ಹರಿದುಕೊಳ್ಳಬೇಕಾಗಿರಲಿಲ್ಲ. ಕಂಪನಿಯವರು ದಿನ ಹೇಳಿರಲಿಲ್ಲ. ಯಾವತ್ತೋ ಒಂದು ದಿನ ಎಲ್ಲರಿಗೂ ಬರುತ್ತದೆ. ಬಿಟ್ಟಿಯಾಗಿ ಬರುತ್ತದೆ. ಮನೆ ಬಾಗಿಲಿಗೆ ಬರುತ್ತದೆ. ಬೇಡವೆಂದರೂ ಬರುತ್ತದೆ. ಆದರೆ ಶ್ರೀಮಂತನ ಕಿವಿಗೆ ಬಿದ್ದದ್ದು ಒಂದೇ ಮಾತು, ಎಲ್ಲರಿಗೂ. ಎಲ್ಲರ ಜೊತೆ ಬಂದರೆ ಅದು ಬಂದ ಹಾಗೆಯೇ? ಅವನಿಗೆ ಊಟ ಸೇರಲಿಲ್ಲ.

ಪೆಟ್ಟಿಗೆ ಮಾರಿದ ಅಂಗಡಿಯವನ ಹತ್ತಿರ ಓಡಿದ. ಎಲ್ಲರಿಗಿಂತ ಮೊದಲು ಪಡೆಯುವ ದಾರಿ ಇದೆಯೇ ಎಂದು ಕೇಳಿದ. ಅಂಗಡಿಯವನು ಹೇಳಿದ, ಇದು ಆಯಾ ದೇಶದಲ್ಲಿ ಮಧ್ಯರಾತ್ರಿ ತಾರೀಕು ತಿರುಗಿದ ಕೂಡಲೇ ಬರುತ್ತದೆ, ನ್ಯೂಜಿಲೆಂಡ್ ಎಂಬ ದೇಶದಲ್ಲಿ ನಮಗಿಂತ ಆರೂವರೆ ಗಂಟೆ ಮೊದಲೇ ತಾರೀಕು ತಿರುಗುತ್ತದೆ, ಪೆಟ್ಟಿಗೆಯಲ್ಲಿ ನಮ್ಮ ದೇಶದ ಹೆಸರು ತೆಗೆದು ಆ ದೇಶದ ಹೆಸರು ಹಾಕಿಬಿಡಿ, ಊರಿಗೇ ಮೊದಲು ನಿಮಗೆ ಬರುತ್ತದೆ ಎಂದು. ಶ್ರೀಮಂತನಿಗೆ ಪರಮಾನಂದ. ಆದರೂ ಒಂದು ಅನುಮಾನ ಉಳಿಯಿತು. ಪೆಟ್ಟಿಗೆ ಒಂದೇ ಅಲ್ಲಿಗೆ ಹೋದರೆ ಸಾಕೋ, ತಾನೂ ಹೋಗಬೇಕೋ ಎಂದು ಕೇಳಿದ. ಅಂಗಡಿಯವನು ತಮಾಷೆಗೆ, "ನೀವೂ ಹೋದ್ರ ಇನ್ನೂ ಚೊಲೊ ಆತಲ್ಲರಿ" ಅಂದ.

ತಮಾಷೆಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ವಿವೇಕ ಅಂಗಡಿಯವರಿಗೂ ಬೇಕು. ಶ್ರೀಮಂತ ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದ. ಪೆಟ್ಟಿಗೆಗೆ ನ್ಯೂಜಿಲೆಂಡ್ ಎಂದು ಹೇಳಿ, ಮನೆಯಲ್ಲಿ ನಮ್ಮ ದೇಶದ ಗಡಿಯಾರ ಇಟ್ಟರೆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲವೇ? ಬುದ್ಧಿ ಇರುವ ಪೆಟ್ಟಿಗೆ ಅದು. ಅದರ ಎದುರಿಗೆ ಸುಳ್ಳು ಸಿಕ್ಕಿಬಿದ್ದರೆ ಅಪ್‌ಡೇಟ್ ಕೊಟ್ಟೀತೇ? ಬಂದವನೇ ಪೂಜೆಯ ಕೋಣೆಯಿಂದ ಅಡುಗೆಮನೆಯವರೆಗೆ ಎಲ್ಲ ಗಡಿಯಾರಗಳ ಮುಳ್ಳು ತಿರುಗಿಸಲು ಹೊರಟ.

ಹೆಂಡತಿ ಅಡುಗೆಮನೆಯ ಗಡಿಯಾರಕ್ಕೆ ಅಡ್ಡ ನಿಂತಳು. "ನಮ್ಮವ್ವ ನನ್ನ ಈ ಊರಿಗೆ ಕೊಟ್ಟಾಳರಿ, ನ್ಯೂಜಿಲೆಂಡಿಗಲ್ಲ. ನೀವು ಮ್ಯಾಲೆ ಹೋಗಿ ಯಾವ ದೇಶಾನರ ಮಾಡ್ಕೋರಿ. ನನ್ನ ಒಲಿ ಇಲ್ಲೇ ಇರತೈತಿ."

ಹೀಗೆ ಮನೆ ಎರಡು ದೇಶವಾಯಿತು. ಕೆಳಗೆ ಕರ್ನಾಟಕ, ಮಹಡಿಯ ಮೇಲೆ ನ್ಯೂಜಿಲೆಂಡ್. ಟಿವಿ ಮೇಲೆ ಹೋಯಿತು, ಪೆಟ್ಟಿಗೆ ಮೇಲೆ ಹೋಯಿತು, ಎರಡೂ ಕಂಟ್ರೋಲರ್ ಮೇಲೆ ಹೋದವು. ಕೆಳಗೆ ಜನ ಬೆಳಗಿನ ಉಪ್ಪಿಟ್ಟು ತಿನ್ನುವಾಗ ಇವನಿಗೆ ಅದು ಮಧ್ಯಾಹ್ನದ ಊಟ. ಕೆಳಗೆ ಮಧ್ಯಾಹ್ನದ ಊಟವಾದರೆ ಮೇಲೆ ರಾತ್ರಿಯ ಊಟ. ಕೆಳಗೆ ಶಾಲೆ ಬಿಟ್ಟು ಮಕ್ಕಳು ಓಣಿಯಲ್ಲಿ ಕೂಗಾಡುವ ಹೊತ್ತಿಗೆ ಇವನು ಕಿಟಕಿಗೆ ಕಂಬಳಿ ಕಟ್ಟಿ, ಕಾವಲುಗಾರನಿಗೆ ಶುಭರಾತ್ರಿ ಹೇಳಿ ಮಲಗುತ್ತಿದ್ದ. ಅಲ್ಲಿ ಈಗ ಚಳಿಗಾಲ ಎಂದು ಯಾರೋ ಹೇಳಿದರು. ಅಷ್ಟು ಹೇಳಿದ್ದೇ ಸಾಕು, ಉಣ್ಣೆಯ ಕೋಟು, ತಲೆಗೆ ಮಂಗನ ಟೋಪಿ. ಒಳಗೆ ಬೆವರು ಇಳಿಯುತ್ತದೆ. ಫ್ಯಾನ್ ಹಾಕಿದರೆ ಪೆಟ್ಟಿಗೆಗೆ ಸಂಶಯ ಬಂದೀತು ಎಂದು ಫ್ಯಾನೂ ಹಾಕುವಂತಿಲ್ಲ.

ಕಾವಲುಗಾರನ ಕಷ್ಟ ಕೇಳಿ. ದಿನಕ್ಕೆ ಎಷ್ಟು ಸಲ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾನೋ ಅಷ್ಟು ಸಲ ಪರದೇಶ. ಕೆಳಗಿನವರನ್ನು ಮಾತಾಡಿಸುವಾಗ ಬೆಳಗಿನ ಶರಣು, ಮೇಲೆ ಹೋದರೆ ಸಂಜೆಯ ಶರಣು. ಪಾಪ, ಒಂದು ದಿನ ನಡು ಮೆಟ್ಟಿಲ ಮೇಲೆ ನಿಂತು, ನಾನು ಈಗ ಉಂಡಿದ್ದೇನೋ ಇಲ್ಲವೋ ಎಂದು ತನ್ನನ್ನೇ ಕೇಳಿಕೊಂಡನಂತೆ. ಇನ್ನೊಂದು ದಿನ ಅವನೇ ಶ್ರೀಮಂತನ ಹೆಂಡತಿಯ ಹತ್ತಿರ ಬಂದು ಹೇಳಿದ, "ಅವ್ವಾರ, ಸಾವಕಾರ್ರಿಗೆ ಸೋಮವಾರ ಉಪವಾಸ ಅಂತರಿ. ಆದ್ರ ಅಲ್ಲಿ ಸೋಮವಾರ ಮುಗದೈತಂತ, ಇಲ್ಲಿ ಮುಗದಿಲ್ಲರಿ. ನಾ ಏನ ಒಯ್ಲಿ?" ಅವಳು ಬರಿಯ ತಟ್ಟೆ ಕೊಟ್ಟು ಕಳಿಸಿದಳು.

ಇದೆಲ್ಲ ನಗುವ ಮಾತು. ನಕ್ಕಿರಿ, ಒಳ್ಳೆಯದಾಯಿತು. ಈಗ ನಗದೆ ಕೇಳುವ ಮಾತು ಹೇಳುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತು ಮಹಡಿಯ ಮೇಲೆ ಯಾವ ಹೊತ್ತು? ಅಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ದೋಣಿ ಹತ್ತುವ ವೇಳೆಗೆ ಅವನು ಕಂಬಳಿಯ ಕತ್ತಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮೊದಲ ಕೆಲವು ದಿನ ಹೆಂಡತಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದಳು. ಹೌದು, ಬರುವುದಿಲ್ಲ ಎಂದವಳೇ ಹತ್ತಿದಳು. ಅವನ ತಲೆದೆಸೆಯಲ್ಲಿ ಎರಡನೇ ಕಂಟ್ರೋಲರ್ ಹಿಡಿದು ಸ್ವಲ್ಪ ಹೊತ್ತು ನಿಂತಳು. ಎಬ್ಬಿಸಲಿಲ್ಲ. ಇಟ್ಟು ಇಳಿದುಹೋದಳು. ಆಮೇಲೆ ಹತ್ತುವುದನ್ನೂ ಬಿಟ್ಟಳು.

ಅವನು ಏಳುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು. ಅವನು ಉಣ್ಣುವಾಗ ಅವಳಿಗೆ ಕೆಲಸ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಸರಿ, ಆದರೆ ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿದ್ದರೆ ಜಗಳ ಮುಗಿಯುವುದು ಯಾವಾಗ? ಮುಗಿಯುವುದಿರಲಿ, ಶುರುವಾಗುವುದಾದರೂ ಯಾವಾಗ? ಆ ಮನೆಯಲ್ಲಿ ಮತ್ತೆ ಊಟ, ಹೂಂ, ಹಾಲು, ಬೇಡ. ಅದನ್ನೂ ಕಾವಲುಗಾರನೇ ಹೊತ್ತು ತರಬೇಕು.

ಒಂದು ಸಲ ಶ್ರೀಮಂತ ಒಬ್ಬನೇ ಪೆಟ್ಟಿಗೆ ಹಚ್ಚಿದ. ದೋಣಿ ಗಿರಗಿರ ತಿರುಗಿತು. ಕೈಗೆ ಎರಡನೇ ಕಂಟ್ರೋಲರ್ ಸಿಕ್ಕಿತು. ಅದರ ಗುಂಡಿಗಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ಕೂತಿತ್ತು. ಯಾವ ಹಿಟ್ಟಿಗಾಗಿ ದಿನಾ ಬೈಯುತ್ತಿದ್ದನೋ ಅದೇ ಹಿಟ್ಟು. ಒರೆಸಲು ಬಟ್ಟೆ ತೆಗೆದುಕೊಂಡ, ಒರೆಸಲು ಮನಸ್ಸಾಗಲಿಲ್ಲ. ಅವನಿಗೆ ಅವಳ ನೆನಪಾಯಿತು. ಒಂದೇ ಮನೆಯಲ್ಲಿದ್ದು ಹೆಂಡತಿಯ ನೆನಪಾಗುವುದು ಎಂಥ ಬಡತನ ನೋಡಿ. ಇಳಿದು ಹೋಗಬಹುದಿತ್ತು, ಇದ್ದದ್ದು ಒಂದು ಮೆಟ್ಟಿಲ ಸಾಲು. ಆದರೆ ಇಳಿದ ಕ್ಷಣವೇ ಅಪ್‌ಡೇಟ್ ಬಂದು, ಮನುಷ್ಯ ಇಲ್ಲವೆಂದು ತಿರುಗಿ ಹೋದರೆ? ಕೂತ. ಕೋಟಿನ ಗುಂಡಿ ಹಾಕಿಕೊಂಡು ಕೂತ.

ಕೊನೆಗೂ ಕಂಪನಿಯವರು ದಿನ ಹೇಳಿದರು, ಆ ದಿನವೂ ಬಂತು, ಅವನು ಮಲಗದೆ ಕಾದು ಕೂತ. ಅವತ್ತು ನಮ್ಮಲ್ಲಿ ಇನ್ನೂ ಬಿಸಿಲಿತ್ತು. ಮಹಡಿಯ ಮೇಲೆ ನಡುರಾತ್ರಿಯ ಗಂಟೆ ಹೊಡೆಯಿತು, ಟಿವಿಯಲ್ಲಿ ಒಂದು ನೀಲಿ ಗೆರೆ ಮೂಡಿ ತುಂಬುತ್ತಾ ಹೋಯಿತು. ಶ್ರೀಮಂತ ಕೈಮುಗಿದು ನಿಂತ. ಕರ್ಪೂರ ಹಚ್ಚಿದ. ಕಾವಲುಗಾರ ಕಾಯಿ ಒಡೆದ. ಗೆರೆ ತುಂಬಿತು, ಪೆಟ್ಟಿಗೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಊರಿನಲ್ಲಿ ಯಾರಿಗೂ ಇಲ್ಲದ್ದು ಅವನಿಗೆ ಬಂದಿತ್ತು. ಹೊಸದಾಗಿ ಬಂದದ್ದು ಏನೆಂದು ಟಿವಿಯ ಮೇಲೆ ಬರೆದಿತ್ತು. ಅವನು ಬೆವರು ಒರೆಸಿಕೊಂಡು ಓದಿದ: ಕೆಲವು ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.

ಅಷ್ಟೇ. ಕೆಳಗೆ ಇನ್ನೇನಾದರೂ ಇದೆಯೇ ಎಂದು ನೋಡಿದ. ಟಿವಿಯ ಹಿಂದೆ ಕೂಡ ನೋಡಿದ. ಕಾವಲುಗಾರ ತೆಂಗಿನ ಹೋಳು ಹಿಡಿದು, ಏನು ಬಂತು ಸಾವಕಾರ್ರೇ ಎಂದು ಕೇಳಿದ. ಏನೆಂದು ಹೇಳುವುದು? ನಮ್ಮ ದೋಷ ಸರಿಹೋಗಿದೆ ಎಂದು ಹೇಳಲು ಬಾಯಿ ಬರಬೇಕಲ್ಲ.

ಆದರೂ ಮೊದಲು ಬಂದದ್ದು ಬಂದಿದೆ. ಯಾರಿಗಾದರೂ ತೋರಿಸಬೇಕು. ಕೋಟು ಟೋಪಿಯ ಸಮೇತ ಧಡಧಡ ಮೆಟ್ಟಿಲು ಇಳಿದು ಅಡುಗೆಮನೆಗೆ ಓಡಿದ. ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಬಹಳ ದಿನಗಳ ಮೇಲೆ ಇಬ್ಬರೂ ಎಚ್ಚರವಿದ್ದು ಎದುರಾದರು. ಬಂತು, ಬಾ, ದೋಣಿ ಹತ್ತೋಣ, ಇವತ್ತು ಜಲಪಾತ ದಾಟೋಣ ಎಂದ. ಅವಳು ತಲೆ ಎತ್ತಿ ಅವನ ಮಂಗನ ಟೋಪಿ ನೋಡಿದಳು. ನಗು ಬಂತು, ತಡೆದುಕೊಂಡಳು.

"ನಿಮ್ಮ ದೇಶಕ್ಕ ಬಂದಿರಬೇಕರಿ," ಎಂದಳು. "ನಮ್ಮ ದೇಶಕ್ಕ ಇನ್ನೂ ಬಂದಿಲ್ಲ. ಇವತ್ತು ರಾತ್ರಿ ಬರತೈತಂತ. ನಾಳೆ ದೀಪ ಹಚ್ಚಿದ ಮ್ಯಾಲೆ ನಾ ಕುಂದರ್ತೀನಿ. ಅಲ್ಲೀತನಕ ನೀವು ಒಬ್ರೇ ತಿರುಗ್ರಿ."

ಶರಣ ಬಂಧುಗಳೇ, ಇಲ್ಲಿ ನಿಲ್ಲಿ. ಇಷ್ಟು ದಿನ ಬೆವರಿ, ಹಗಲು ಮಲಗಿ, ದೇಶ ಬಿಟ್ಟು ಅವನು ಗಳಿಸಿದ್ದು ಏನು? ಆರೂವರೆ ಗಂಟೆ. ಆ ಆರೂವರೆ ಗಂಟೆಯಲ್ಲಿ ಅವನು ಮಾಡಬಹುದಾಗಿದ್ದು ಏನು? ತಿರುಗುವುದು. ಅಪ್‌ಡೇಟ್ ಮೊದಲು ಬಂತು, ಜೊತೆಗೆ ಹುಟ್ಟು ಹಾಕುವವಳು ಮೊದಲು ಬರಲಿಲ್ಲ. ಅವಳು ಬರುವುದು ಅವಳ ಹೊತ್ತಿಗೇ. ಊರಿನ ಬಡವನಿಗೆ ಯಾವತ್ತು ಆಟ ಶುರುವಾಯಿತೋ ಇವನಿಗೂ ಅವತ್ತೇ ಶುರುವಾಗಬೇಕಾಯಿತು. ಹಾಗಾದರೆ ಮೊದಲು ಎಂಬುದು ಎಲ್ಲಿ ಹೋಯಿತು? ಹುಡುಕಿ ನೋಡಿ, ಎಲ್ಲಿಯೂ ಇಲ್ಲ.

ಶ್ರೀಮಂತ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಟೋಪಿ ತೆಗೆದ. ಕೋಟು ತೆಗೆದ. ಅವಳ ಎದುರಿಗೆ ನೆಲದ ಮೇಲೆ ಕೂತು ಒಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡ. ಸುಲಿಯಲು ಬರುತ್ತಿರಲಿಲ್ಲ, ಸಿಪ್ಪೆಯ ಜೊತೆಗೆ ಎಸಳೂ ಹೋಗುತ್ತಿತ್ತು. ಅವಳು ಬೈದಳು. ನಾನು ಇಲ್ಲದಾಗ ಬೇಸರವಾಯಿತೇ ಎಂದು ಅವನು ಕೇಳಿದ. ಅವಳು ಬೆಳ್ಳುಳ್ಳಿ ಹಿಡಿಯುವುದು ಹೀಗೆ ಎಂದು ತೋರಿಸಿದಳು.

ಮರುದಿನ ಇಬ್ಬರೂ ಜಲಪಾತ ದಾಟಿದರೇ ಎಂದು ನಿಮಗೆ ಕುತೂಹಲ ಇದೆ. ಮುಖ ನೋಡಿದರೆ ಗೊತ್ತಾಗುತ್ತದೆ. ಅದನ್ನು ಮಂಗಳಾರತಿಯ ನಂತರ ಹೇಳುತ್ತೇನೆ ಎಂದರೆ ಏನು ಮಾಡುತ್ತೀರಿ? ಓಹೋ, ಗುರುಬಸಪ್ಪನವರು ಬಾಗಿಲವರೆಗೆ ಹೋದವರು ತಿರುಗಿ ಬಂದು ಕೂತರು. ನೀಲಗಂಗಮ್ಮನವರು ಕೈಚೀಲ ಕೆಳಗೆ ಇಟ್ಟರು. ಶಿವ ಶಿವ, ಈ ಶ್ರಾವಣದಲ್ಲಿ ಮೊದಲ ಸಲ ಎಲ್ಲರೂ ಕೂತಿದ್ದೀರಿ. ಕೂತಿರಲ್ಲ, ಈಗಲೇ ಹೇಳಿಬಿಡುತ್ತೇನೆ. ದಾಟಲಿಲ್ಲ. ಬಂಡೆಗೆ ಬಡಿದು ಎಂದಿನಂತೆ ಮುಳುಗಿದರು. ನೀವು ತಡವಾಗಿ ಎಳೆದಿರಿ ಎಂದು ಅವಳು, ನೀನು ಮೊದಲೇ ಎಳೆದೆ ಎಂದು ಅವನು. ರೊಟ್ಟಿ ಬಡಿಯುವಾಗ ಶುರುವಾದ ಚರ್ಚೆ ಉಂಡು ಮಲಗುವ ತನಕ ನಡೆಯಿತು. ಮಹಡಿಯ ಗಡಿಯಾರವನ್ನು ಕಾವಲುಗಾರ ಯಾರೂ ಹೇಳದೆ ತಾನೇ ತಿರುಗಿಸಿ ಇಟ್ಟ.

ಈಗ ನಿಮ್ಮ ಸರದಿ. ನ್ಯೂಜಿಲೆಂಡ್ ಅವನ ಮಹಡಿಯ ಮೇಲೆ ಮಾತ್ರ ಇದೆ ಎಂದು ತಿಳಿಯಬೇಡಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುವವರು ಯಾರು? ಮದುವೆ ಊಟದಲ್ಲಿ, ಉಣ್ಣುತ್ತಿರುವವನ ಕುರ್ಚಿಯ ಹಿಂದೆ ನಿಂತು, ಅವನ ಎಲೆಯಲ್ಲಿ ಎಷ್ಟು ಅನ್ನ ಉಳಿದಿದೆ ಎಂದು ನೋಡುವವರು ಯಾರು? ರೈಲ್ವೆ ಗೇಟ್ ಹಾಕಿದಾಗ ಎದುರು ಬರುವವರ ದಾರಿಯಲ್ಲಿ ಗಾಡಿ ನುಗ್ಗಿಸಿ, ಗೇಟ್ ತೆಗೆದ ಮೇಲೆ ಆ ಕಡೆಯವರ ಮುಖ ಈ ಕಡೆಯವರು ನೋಡುತ್ತ ನಿಲ್ಲುವುದು ಯಾಕೆ? ಮೊದಲು ಹೋಗಬೇಕಲ್ಲ, ಅದಕ್ಕೇ ಯಾರೂ ಹೋಗುವುದಿಲ್ಲ. ತಾಳಿದವನು ಬಾಳಿಯಾನು ಎಂದು ಗೋಡೆಯ ಮೇಲೆ ಬರೆಸಿ, ಆ ಗೋಡೆಗೆ ಬಣ್ಣ ಒಣಗುವ ಮೊದಲೇ ಒರಗುವವರು ನಾವು.

ಇದನ್ನೆಲ್ಲ ಬಿಡಿ ಎಂದು ನಾನು ಹೇಳಿದರೆ ನೀವು ಬಿಡುವುದಿಲ್ಲ, ನನಗೆ ಗೊತ್ತು. ಅದಕ್ಕೇ ಒಂದೇ ಕೇಳುತ್ತೇನೆ, ಗಂಡಸರೇ, ಮುಖ್ಯವಾಗಿ ನಿಮ್ಮನ್ನು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಂಡು ಏಳುವವರು ನೀವು. ಬಿಸಿ ರೊಟ್ಟಿ ಒಲೆಯಿಂದ ನಿಮ್ಮ ತಟ್ಟೆಗೆ ಬರುತ್ತದೆ, ಕೈ ತೊಳೆದು ಟಿವಿಯ ಮುಂದೆ ಹೋಗುತ್ತೀರಿ. ಬಡಿಸಿದವಳು ಉಣ್ಣುವಾಗ ಯಾವ ಹೊತ್ತು, ರೊಟ್ಟಿ ಬಿಸಿ ಇತ್ತೋ ತಣ್ಣಗಿತ್ತೋ, ಎದುರಿಗೆ ಯಾರು ಕೂತಿದ್ದರು, ನಿಮಗೆ ಗೊತ್ತಿಲ್ಲ. ನೀವು ಆಗಲೇ ಬೇರೆ ದೇಶದಲ್ಲಿ ಇರುತ್ತೀರಿ. ನಾಳೆಯಿಂದ ಅವಳೂ ತಟ್ಟೆ ಹಾಕಿಕೊಂಡು ಕೂರುವ ತನಕ ತುತ್ತು ಎತ್ತಬೇಡಿ. ಹಸಿವಾದರೆ ಎದ್ದು ಹೋಗಿ ಅವಳ ಜೊತೆ ಬೆಳ್ಳುಳ್ಳಿ ಸುಲಿಯಿರಿ, ಬೇಗ ಮುಗಿಯುತ್ತದೆ. ಜಗಳ ಬಂದರೆ ಬರಲಿ, ಒಂದೇ ದೋಣಿಯಲ್ಲಿ ಕೂತವರಿಗೆ ಮಾತ್ರ ಆ ಜಗಳ ಬರುತ್ತದೆ.

ಮಂಗಳಾರತಿಯ ತಟ್ಟೆ ಬಂತು, ಏಳಿ. ದಾಸೋಹದಲ್ಲಿ ಬಡಿಸುವ ತಾಯಂದಿರೂ ಇವತ್ತು ಮೊದಲ ಪಂಕ್ತಿಗೇ ಕೂರುತ್ತಾರೆ, ನಾನು ಹೇಳಿಟ್ಟಿದ್ದೇನೆ. ಹೋಳಿಗೆಯ ಬುಟ್ಟಿ ಅಡುಗೆಮನೆಯಲ್ಲಿದೆ, ತುಪ್ಪ ಪಕ್ಕದಲ್ಲಿದೆ. ಚಪ್ಪಲಿ ಹುಡುಕಿ ಸಿದ್ಧವಾಗಿದ್ದವರೇ ಮೊದಲು ಹೋಗಿ ಬಡಿಸಿ.